ಕ್ರಯವೋ ಭೋಗ್ಯವೋ: ಕಾರ್ಬನ್ ಮಾರುಕಟ್ಟೆಯಲ್ಲಿ ಕಾಲದ ಲೆಕ್ಕ



ಒಂದು ಟನ್ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರದಂತೆ ತಡೆದರೆ ಒಂದು ಕಾರ್ಬನ್ ಕ್ರೆಡಿಟ್. ಗಾಳಿಯಲ್ಲಿ ಈಗಾಗಲೇ ಇರುವ ಒಂದು ಟನ್ನನ್ನು ಹೀರಿ ಮರದಲ್ಲೋ ಮಣ್ಣಿನಲ್ಲೋ ಕಲ್ಲಿನಲ್ಲೋ ಕೂಡಿಟ್ಟರೂ ಒಂದು ಕಾರ್ಬನ್ ಕ್ರೆಡಿಟ್. ಅದನ್ನು ಕೊಂಡ ಕಂಪನಿ ತನ್ನ ಚಿಮಣಿಯಿಂದ ಹೊರಟ ಒಂದು ಟನ್ನಿನ ಎದುರಿಗೆ ಇದನ್ನು ಜಮಾ ಬರೆದುಕೊಂಡು, ಬಾಕಿ ಸೊನ್ನೆ ಎಂದು ಲೆಕ್ಕ ಮುಗಿಸುತ್ತದೆ. ತೂಕದ ಮಟ್ಟಿಗೆ ಈ ಲೆಕ್ಕದಲ್ಲಿ ತಪ್ಪಿಲ್ಲ. ನಾನಿಂದು ಕೇಳಬೇಕೆಂದಿರುವುದು ತೂಕದ ಪ್ರಶ್ನೆಯನ್ನಲ್ಲ, ಕಾಲದ ಪ್ರಶ್ನೆಯನ್ನು. ಚಿಮಣಿಯಿಂದ ಹೊರಟದ್ದು ಗಾಳಿಯಲ್ಲಿ ಎಷ್ಟು ಕಾಲ ಇರುತ್ತದೆ? ಮರದಲ್ಲಿ ಕೂಡಿಟ್ಟದ್ದು ಅಲ್ಲಿ ಎಷ್ಟು ಕಾಲ ಇರುತ್ತದೆ? ಎರಡೂ ಒಂದೇ ಅಲ್ಲದಿದ್ದರೆ ಬಾಕಿ ಸೊನ್ನೆಯಾಗುವುದು ಹೇಗೆ?

ಮೊದಲ ಪ್ರಶ್ನೆಗೆ ವಿಜ್ಞಾನದ ಉತ್ತರ ಸಾಕಷ್ಟು ಸ್ಪಷ್ಟವಾಗಿದೆ. ಕಲ್ಲಿದ್ದಲು, ಪೆಟ್ರೋಲಿಯಂ ಉರಿಸಿದಾಗ ಹೊರಡುವ ಡೈಆಕ್ಸೈಡಿನಲ್ಲಿ ಒಂದಷ್ಟನ್ನು ಸಮುದ್ರವೂ ನೆಲವೂ ಬೇಗನೆ ಹೀರಿಕೊಳ್ಳುತ್ತವೆ. ಉಳಿದದ್ದು ಹಟಮಾರಿ. ಹವಾಮಾನ ಬದಲಾವಣೆಯ ಅಂತರಸರಕಾರಿ ಸಮಿತಿಯಾದ ಐಪಿಸಿಸಿಯ ಐದನೆಯ ವರದಿಯ ಪ್ರಕಾರ, ಹೊರಬಿಟ್ಟದ್ದರಲ್ಲಿ ನೂರಕ್ಕೆ 15ರಿಂದ 40 ಪಾಲು ಸಾವಿರ ವರ್ಷ ಕಳೆದ ಮೇಲೂ ಗಾಳಿಯಲ್ಲಿ ಉಳಿದಿರುತ್ತದೆ. ಇದಕ್ಕೆ ಕಾರಣವಿದೆ. ಕೋಟ್ಯಂತರ ವರ್ಷ ನೆಲದಾಳದಲ್ಲಿ ಮುಚ್ಚಿಹೋಗಿದ್ದ ಇಂಗಾಲವನ್ನು ನಾವು ಮೇಲೆತ್ತಿ, ಗಾಳಿ–ಗಿಡ–ಮಣ್ಣು–ಕಡಲಿನ ನಡುವೆ ಓಡಾಡುವ ಇಂಗಾಲದ ಜೊತೆ ಸೇರಿಸುತ್ತಿದ್ದೇವೆ. ಅದು ಮತ್ತೆ ಕಲ್ಲಾಗಿ ನೆಲ ಸೇರಲು ಪ್ರಕೃತಿಗೆ ಬೇಕಾಗುವುದು ಲಕ್ಷಾಂತರ ವರ್ಷ. ಮರ ಹೀರಿದ ಇಂಗಾಲವಾದರೋ ಓಡಾಡುವ ಇಂಗಾಲವೇ. ಮರ ಬೆಳೆಯುವಾಗ ಒಳಗೆ ಬರುತ್ತದೆ. ಒಣಗಿದರೆ, ಸುಟ್ಟರೆ, ಗೆದ್ದಲು ತಿಂದರೆ ಹೊರಗೆ ಹೋಗುತ್ತದೆ.

ಕ್ರಯಕ್ಕೂ ಭೋಗ್ಯಕ್ಕೂ ಇರುವ ವ್ಯತ್ಯಾಸ ನಮ್ಮ ಜನಕ್ಕೆ ಬಿಡಿಸಿ ಹೇಳಬೇಕಾಗಿಲ್ಲ. ಕ್ರಯಕ್ಕೆ ಕೊಂಡ ಮನೆ ಮಕ್ಕಳು ಮರಿಗಳ ಕಾಲಕ್ಕೂ ನಮ್ಮದೇ. ಭೋಗ್ಯಕ್ಕೆ ಪಡೆದ ಮನೆಯಲ್ಲಿ ಕರಾರಿನ ಅವಧಿಯವರೆಗೆ ನೆಮ್ಮದಿಯಾಗಿ ಇರಬಹುದು. ಅವಧಿ ಮುಗಿದ ದಿನ ಬೇರೆ ಮನೆ ಹುಡುಕಬೇಕು. ಭೋಗ್ಯ ಕೆಟ್ಟ ವ್ಯವಹಾರವೇನಲ್ಲ. ಭೋಗ್ಯದ ಪತ್ರವನ್ನು ಕ್ರಯಪತ್ರವೆಂದು ತೋರಿಸಿದಾಗ ಮಾತ್ರ ಅದು ಮೋಸವಾಗುತ್ತದೆ. ಕಾರ್ಬನ್ ಮಾರುಕಟ್ಟೆಯ ಕಳೆದ ಇಪ್ಪತ್ತೈದು ವರ್ಷಗಳ ಚರಿತ್ರೆಯನ್ನು ಭೋಗ್ಯವನ್ನು ಕ್ರಯದಂತೆ ಕಾಣಿಸಲು ನಡೆದ ಬಗೆಬಗೆಯ ಪ್ರಯತ್ನಗಳ ಚರಿತ್ರೆಯಾಗಿ ಓದಬಹುದೆಂಬುದು ನನ್ನ ವಾದ. ಈ ಪ್ರಯತ್ನಗಳಲ್ಲಿ ಕೆಲವು ಜಾಣತನದವು, ಕೆಲವು ಪ್ರಾಮಾಣಿಕವಾದವು. ಅತ್ಯಂತ ಪ್ರಾಮಾಣಿಕವಾಗಿದ್ದ ಒಂದನ್ನು ಮಾರುಕಟ್ಟೆ ಮೊದಲೇ ಕೊಂದಿತು ಎಂಬುದನ್ನು ಇನ್ನು ಸ್ವಲ್ಪದರಲ್ಲಿ ನೋಡುವಿರಿ.

ಅದಕ್ಕೆ ಮೊದಲು ನೂರು ವರ್ಷದ ವಿಷಯ. ಈ ಕ್ಷೇತ್ರದಲ್ಲಿ ಶಾಶ್ವತ ಎಂದರೆ ನೂರು ವರ್ಷ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಈ ನೂರು ಬಂದದ್ದೆಲ್ಲಿಂದ? 1990ರಲ್ಲಿ ಐಪಿಸಿಸಿ ತನ್ನ ಮೊದಲ ವರದಿಯಲ್ಲಿ ಬೇರೆ ಬೇರೆ ಹಸಿರುಮನೆ ಅನಿಲಗಳನ್ನು ಹೋಲಿಸಲು 20, 100, 500 ವರ್ಷಗಳ ಮೂರು ಅಳತೆಗಳನ್ನು ಚರ್ಚೆಗೆ ಮುಂದಿಟ್ಟಿತು. 1997ರಲ್ಲಿ ಹವಾಮಾನ ಒಪ್ಪಂದಕ್ಕಾಗಿ ಕ್ಯೋಟೊದಲ್ಲಿ ಸೇರಿದ ದೇಶಗಳು ನಡುವಿನ ನೂರನ್ನು ಆಯ್ದುಕೊಂಡವು. ಮಿಥೇನನ್ನೂ ಡೈಆಕ್ಸೈಡನ್ನೂ ಒಂದೇ ಲೆಕ್ಕಕ್ಕೆ ತರಲು ಮಾಡಿಕೊಂಡ ಆಡಳಿತದ ಅನುಕೂಲವದು. ಕಾಡಿನ ಇಂಗಾಲ ಎಷ್ಟು ಕಾಲ ಉಳಿದರೆ ಸಾಕು ಎಂಬ ಬೇರೆಯೇ ಪ್ರಶ್ನೆಗೆ ಅದೇ ಸಂಖ್ಯೆ ಬಂದು ಕೂತಿತು. 2024ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಪಳೆಯುಳಿಕೆ ಇಂಧನದ ಹೊಗೆಯನ್ನು ಸರಿದೂಗಿಸಬೇಕಾದರೆ ಸಾವಿರ ವರ್ಷಕ್ಕಿಂತ ಕಡಿಮೆ ಬಾಳುವ ಸಂಗ್ರಹ ಸಾಲದು ಎಂದು ತೋರಿಸಿತು. ನೂರು ವರ್ಷ ಎಂಬುದೂ ಒಂದು ದೀರ್ಘ ಭೋಗ್ಯವೇ ಎಂದಾಯಿತು.

ಈಗ ಚರಿತ್ರೆಗೆ ಬರೋಣ. ಕ್ಯೋಟೊ ಒಪ್ಪಂದ ಶ್ರೀಮಂತ ದೇಶಗಳಿಗೆ ಹೊಗೆಯ ಮಿತಿ ಹಾಕಿತು. ಆ ಮಿತಿಯ ಒಂದು ಭಾಗವನ್ನು ಬಡ ದೇಶಗಳಲ್ಲಿ ಯೋಜನೆ ನಡೆಸಿ ತೀರಿಸಲು ಸಿಡಿಎಂ, ಅಂದರೆ ಸ್ವಚ್ಛ ಅಭಿವೃದ್ಧಿ ವ್ಯವಸ್ಥೆ, ಎಂಬ ದಾರಿ ಬಿಟ್ಟಿತು. ಕಾಡು ಬೆಳೆಸುವುದನ್ನೂ ಇದರಲ್ಲಿ ಸೇರಿಸಬೇಕೇ ಎಂಬ ಪ್ರಶ್ನೆ ದೊಡ್ಡ ಜಗಳವಾಯಿತು. 2000ದ ನವೆಂಬರಿನಲ್ಲಿ ಹೇಗ್ ನಗರದ ಸಮ್ಮೇಳನ ಮುರಿದುಬೀಳಲು ಕಾಡು ಮತ್ತು ಮಣ್ಣಿನ ಇಂಗಾಲದ ವಿವಾದವೇ ಮುಖ್ಯ ಕಾರಣಗಳಲ್ಲಿ ಒಂದು. ಅಮೆರಿಕದ ಕಡೆಯವರು ಕಾಡಿನ ಲೆಕ್ಕ ಹೆಚ್ಚು ಬೇಕೆಂದರು. ಯುರೋಪಿನವರು ಅದು ಕಳ್ಳದಾರಿ ಎಂದರು. 2001ರಲ್ಲಿ ಮರ್ರಾಕೇಶ್‌ನಲ್ಲಿ ರಾಜಿಯಾಯಿತು. ಹೊಸದಾಗಿ ಕಾಡು ಬೆಳೆಸುವುದಕ್ಕೆ ಮಾತ್ರ ಅವಕಾಶ, ಇರುವ ಕಾಡನ್ನು ಉಳಿಸುವುದಕ್ಕೆ ಇಲ್ಲ ಎಂಬ ತೀರ್ಮಾನವದು.

ಇನ್ನುಳಿದದ್ದು ಮರ ಸುಟ್ಟರೆ ಏನು ಎಂಬ ಪ್ರಶ್ನೆ. ಇದಕ್ಕೆ ದಾರಿ ತೋರಿಸಿದ್ದು ಕೊಲಂಬಿಯ ದೇಶ. ಅದರ ಸಲಹೆಯ ತಿರುಳು ಸರಳ: ಕಾಡಿನ ಕ್ರೆಡಿಟ್ಟಿಗೆ ಗಡುವು ಇರಲಿ. 2003ರಲ್ಲಿ ಮಿಲಾನ್ ಸಮ್ಮೇಳನ ಈ ಸಲಹೆಯನ್ನು ಎರಡು ಬಗೆಯಲ್ಲಿ ನಿಯಮವಾಗಿಸಿತು. ಮೊದಲನೆಯದು ತಾತ್ಕಾಲಿಕ ಕ್ರೆಡಿಟ್. ಒಂದು ಬದ್ಧತಾ ಅವಧಿಯಲ್ಲಿ, ಅಂದರೆ ಕ್ಯೋಟೊ ಮಿತಿಯ ಲೆಕ್ಕ ನಡೆಯುವ ಒಂದು ಅವಧಿಯಲ್ಲಿ, ಕೊಟ್ಟದ್ದು ಮುಂದಿನ ಅವಧಿಯ ಕೊನೆಗೆ ತಾನಾಗಿ ರದ್ದಾಗುತ್ತದೆ. ಕಾಡು ಇನ್ನೂ ನಿಂತಿದ್ದರೆ ತಪಾಸಣೆ ಮಾಡಿ ಹೊಸದನ್ನು ಕೊಡಬಹುದು. ಎರಡನೆಯದು ದೀರ್ಘಾವಧಿ ಕ್ರೆಡಿಟ್. ಇದು ಯೋಜನೆಯ ಅವಧಿ ಮುಗಿಯುವ ತನಕ, ಹೆಚ್ಚೆಂದರೆ 60 ವರ್ಷ, ನಡೆಯುತ್ತದೆ. ಐದೈದು ವರ್ಷಕ್ಕೊಮ್ಮೆ ತಪಾಸಣೆ. ಕಾಡಿನ ಇಂಗಾಲ ಕಡಿಮೆಯಾಗಿದ್ದರೆ ಅಷ್ಟು ಕ್ರೆಡಿಟ್ ಕೂಡಲೇ ಹೋಗುತ್ತದೆ. ಎರಡರಲ್ಲೂ ಒಂದು ಸಮಾನ ಅಂಶವಿತ್ತು. ಕ್ರೆಡಿಟ್ ರದ್ದಾದ ದಿನ ಅದನ್ನು ಬಳಸಿಕೊಂಡ ದೇಶ ಬೇರೆ ಕ್ರೆಡಿಟ್ ತಂದು ಆ ಜಾಗ ತುಂಬಬೇಕು.

ಸಭಿಕರು ಈ ಕೊನೆಯ ಮಾತನ್ನು ದಯವಿಟ್ಟು ಗಮನಿಸಬೇಕು. ಹೊಣೆ ಇಲ್ಲಿ ಹೊಗೆ ಬಿಟ್ಟವನ ತಲೆಯ ಮೇಲೆಯೇ ಉಳಿಯಿತು. ಮರ ನಿಂತಿರುವಷ್ಟು ಕಾಲ ಅವನ ಸಾಲಕ್ಕೆ ವಾಯಿದೆ ಸಿಕ್ಕಿತೇ ಹೊರತು ಸಾಲ ತೀರಲಿಲ್ಲ. ಮರ ಬೆಳೆಸಿದ ಹಳ್ಳಿಯವನು ತಾನು ನಿಲ್ಲಿಸಿದ ಕಾಲಕ್ಕೆ ಕೂಲಿ ಪಡೆದ. ಕಾಡ್ಗಿಚ್ಚು ಬಂದರೆ ಅವನು ದಿವಾಳಿಯಾಗಬೇಕಿಲ್ಲ. ವಾತಾವರಣದ ಲೆಕ್ಕವೂ ಸುಳ್ಳಾಗುವುದಿಲ್ಲ. ಕಾಲದ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ಅಂತರರಾಷ್ಟ್ರೀಯ ಕಾನೂನಿನಲ್ಲಿ ಆಮೇಲೆ ಬಹುಕಾಲ ಬರಲಿಲ್ಲ.

ಇದನ್ನು ಕೊಳ್ಳುವವರು ಮಾತ್ರ ಸಿಗಲಿಲ್ಲ. ಗಡುವು ಬಂದಾಗ ರದ್ದಾಗಿ, ಆಮೇಲೆ ಮತ್ತೆ ಹಣ ಕೊಟ್ಟು ತುಂಬಬೇಕಾದ ಸರಕಿಗೆ ಪೂರ್ಣ ಬೆಲೆ ಯಾರು ಕೊಟ್ಟಾರು? 2005ರಲ್ಲಿ ಆರಂಭವಾದ, ಆಗ ಜಗತ್ತಿನ ಅತಿ ದೊಡ್ಡ ಗಿರಾಕಿಯಾಗಿದ್ದ ಯುರೋಪಿನ ಕಾರ್ಬನ್ ಮಾರುಕಟ್ಟೆ, 2004ರ ಕಾನೂನಿನಲ್ಲೇ ಕಾಡಿನ ಕ್ರೆಡಿಟ್ಟುಗಳಿಗೆ ಬಾಗಿಲು ಮುಚ್ಚಿಬಿಟ್ಟಿತ್ತು. ಚೀನಾದ ಗುವಾಂಗ್‌ಷಿಯಲ್ಲಿ 2006ರಲ್ಲಿ ಮೊದಲ ಕಾಡು ಯೋಜನೆ ನೋಂದಣಿಯಾಯಿತು. ನಮ್ಮ ಹರಿಯಾಣದ ಸಿರ್ಸಾದಲ್ಲಿ, ಮರಳು ದಿಬ್ಬಗಳು ಸರಿದಾಡುತ್ತಿದ್ದ ರೈತರ ಖಾಸಗಿ ಜಮೀನುಗಳಲ್ಲಿ ಮರ ಬೆಳೆಸುವ ಒಂದು ಸಣ್ಣ ಯೋಜನೆ 2009ರಲ್ಲಿ ನೋಂದಣಿಯಾಯಿತು. ಇಂಥವನ್ನೆಲ್ಲ ಸೇರಿಸಿದರೂ ಸಿಡಿಎಂ ಯೋಜನೆಗಳಲ್ಲಿ ಕಾಡಿನವು ನೂರಕ್ಕೆ ಒಂದನ್ನೂ ಮುಟ್ಟಲಿಲ್ಲ. ಕೊಂಡವರಲ್ಲಿ ಮುಖ್ಯರು ವಿಶ್ವಬ್ಯಾಂಕಿನ ನಿಧಿಯಂಥ ಸಾರ್ವಜನಿಕ ಹಣದವರು. ಭೋಗ್ಯವೆಂದು ಹೆಸರು ಹಚ್ಚಿದ ಪತ್ರಕ್ಕೆ ಬೇಡಿಕೆ ಇಲ್ಲವೆಂಬುದನ್ನು ಮಾರುಕಟ್ಟೆ ಕಲಿಯಿತು. ಮುಂದಿನ ಇಪ್ಪತ್ತು ವರ್ಷ ಅದು ಆ ಪಾಠವನ್ನು ಮರೆಯಲಿಲ್ಲ.

ಮುಂದೆ ಬಂದದ್ದು ಬಫರ್ ಪೂಲ್, ಅಂದರೆ ಸಾಮೂಹಿಕ ಮೀಸಲು. ಕಾನೂನಿನ ಒತ್ತಾಯವಿಲ್ಲದೆ ಕಂಪನಿಗಳು ತಾವಾಗಿ ಕ್ರೆಡಿಟ್ ಕೊಳ್ಳುವ ಸ್ವಯಂಪ್ರೇರಿತ ಮಾರುಕಟ್ಟೆಯಲ್ಲಿ ಇಂದು ಬಹುಪಾಲು ಕಾಡಿನ ವ್ಯವಹಾರ ನಿಂತಿರುವುದು ಇದರ ಮೇಲೆ. ವೆರ್ರಾ ಮುಂತಾದ ನೋಂದಣಿ ಸಂಸ್ಥೆಗಳು ಪ್ರತಿ ಯೋಜನೆಯ ಅಪಾಯಕ್ಕೆ ಅಂಕ ಕೊಡುತ್ತವೆ: ಬೆಂಕಿ, ಕೀಟ, ಗಾಳಿ, ಜಮೀನಿನ ವ್ಯಾಜ್ಯ, ಯೋಜನೆ ನಡೆಸುವವರ ಹಣಕಾಸು. ಆ ಅಂಕಕ್ಕೆ ತಕ್ಕಂತೆ ಕ್ರೆಡಿಟ್ಟುಗಳಲ್ಲಿ ಒಂದು ಪಾಲನ್ನು ಮಾರಲು ಬಿಡದೆ ಸಾಮೂಹಿಕ ಖಾತೆಗೆ ಹಾಕುತ್ತವೆ. ಎಲ್ಲೋ ಒಂದು ಕಡೆ ಕಾಡು ಸುಟ್ಟರೆ ಆ ಖಾತೆಯಿಂದ ಅಷ್ಟು ಕ್ರೆಡಿಟ್ ರದ್ದು ಮಾಡಿ ಲೆಕ್ಕ ಸರಿಮಾಡುತ್ತವೆ. ಕೊಂಡವನ ಕೈಯಲ್ಲಿರುವ ಪತ್ರಕ್ಕೆ ಏನೂ ಆಗುವುದಿಲ್ಲ. ಅವನಿಗೆ ಬೆಂಕಿಯ ಸುದ್ದಿಯೂ ತಿಳಿಯಬೇಕಾಗಿಲ್ಲ. ಮಾರಾಟಕ್ಕೆ ಇದಕ್ಕಿಂತ ಅನುಕೂಲ ಯಾವುದೂ ಇಲ್ಲ.

ತತ್ವದಲ್ಲಿ ಇದು ವಿಮೆ. ವಿಮೆ ನಡೆಯಬೇಕಾದರೆ ಎರಡು ಷರತ್ತು ಬೇಕು: ಅಪಾಯದ ಪ್ರಮಾಣ ಸರಿಯಾಗಿ ತಿಳಿದಿರಬೇಕು, ಒಬ್ಬರ ನಷ್ಟ ಇನ್ನೊಬ್ಬರ ನಷ್ಟದ ಜೊತೆಗೇ ಬರಬಾರದು. ಈ ಎರಡೂ ಷರತ್ತುಗಳು ಹೇಗೆ ಮುರಿದವು ಎಂಬುದನ್ನು ಹತ್ತಿರದಿಂದ ನೋಡಲು ಕ್ಯಾಲಿಫೋರ್ನಿಯಾದಷ್ಟು ಒಳ್ಳೆಯ ಉದಾಹರಣೆ ಇನ್ನೊಂದಿಲ್ಲ. ಅಲ್ಲಿನ ದಾಖಲೆಗಳು ಸಾರ್ವಜನಿಕವಾಗಿವೆ, ನಿಯಮಗಳು ಬಿಗಿಯಾಗಿವೆ. ಬಿಗಿಯಾಗಿದ್ದೂ ಹೀಗಾಯಿತು ಎಂಬುದೇ ಮುಖ್ಯ.

ಕ್ಯಾಲಿಫೋರ್ನಿಯಾ ರಾಜ್ಯ 2013ರಿಂದ ತನ್ನ ಕಾರ್ಖಾನೆಗಳಿಗೆ ಹೊಗೆಯ ಮಿತಿ ಹಾಕಿದೆ. ಮಿತಿ ಮೀರಿದವರು ಒಂದು ಪ್ರಮಾಣದವರೆಗೆ ಕಾಡಿನ ಕ್ರೆಡಿಟ್ ಕೊಂಡು ತುಂಬಿಕೊಳ್ಳಬಹುದು. ಆ ಕಾಡು ಅಮೆರಿಕದ ಬೇರೆ ರಾಜ್ಯದಲ್ಲಿದ್ದರೂ ಆದೀತು. ಕ್ರೆಡಿಟ್ ಪಡೆದ ಕಾಡನ್ನು, ಕೊನೆಯ ಕ್ರೆಡಿಟ್ ಕೊಟ್ಟ ದಿನದಿಂದ ನೂರು ವರ್ಷ, ಹಾಗೆಯೇ ಉಳಿಸಬೇಕು. ಮಾಲೀಕ ತಾನೇ ಕಡಿದರೆ ಅವನೇ ತುಂಬಿಕೊಡಬೇಕು; ಬೆಂಕಿ, ರೋಗದಿಂದ ಹೋದರೆ ಸಾಮೂಹಿಕ ಮೀಸಲಿನಿಂದ ತುಂಬಲಾಗುತ್ತದೆ. ಆ ಮೀಸಲಿಗೆ ಕಾಡ್ಗಿಚ್ಚಿನ ಬಾಬ್ತು ಎಂದು ಪ್ರತಿ ಯೋಜನೆ ಕೊಡಬೇಕಾದದ್ದು ನೂರಕ್ಕೆ 4 ಪಾಲು. ಒಣ ಸೊಪ್ಪು, ಕುರುಚಲು ತೆಗೆಸಿ ಎಚ್ಚರ ವಹಿಸಿದ್ದರೆ 2. ಕೀಟ ಮತ್ತು ರೋಗದ ಬಾಬ್ತು 3. ಬೇಸಗೆಯಲ್ಲಿ ಧಗಧಗಿಸುವ ಪಶ್ಚಿಮದ ಕಾಡಿಗೂ, ತೇವದಿಂದ ತುಂಬಿದ ಈಶಾನ್ಯದ ಮೇಯ್ನ್ ರಾಜ್ಯದ ಕಾಡಿಗೂ ಒಂದೇ ದರ. ನೂರು ವರ್ಷದ ಬೆಂಕಿಗೆ ನೂರಕ್ಕೆ 4. ಈ ಲೆಕ್ಕ ಹಾಕುವಾಗ ಪಶ್ಚಿಮ ಅಮೆರಿಕದ ಕಾಡು ಮುಂದೆ ಹಿಂದಿನಷ್ಟೇ ಸುಡುತ್ತದೆ ಎಂಬ ನಂಬಿಕೆ ಒಳಗೆ ಅಡಗಿತ್ತು. ಹವಾಮಾನ ಬದಲಾಗುತ್ತಿದೆ ಎಂಬ ಕಾರಣಕ್ಕೇ ಹುಟ್ಟಿದ ಮಾರುಕಟ್ಟೆ ತನ್ನ ವಿಮೆಯ ದರವನ್ನು ಮಾತ್ರ ಹವಾಮಾನ ಬದಲಾಗದು ಎಂದುಕೊಂಡು ನಿಗದಿಮಾಡಿತು.

2021ರ ಜುಲೈನಲ್ಲಿ ಒರೆಗಾನ್ ರಾಜ್ಯದ ದಕ್ಷಿಣದಲ್ಲಿ ಬೂಟ್‌ಲೆಗ್ ಎಂದು ಹೆಸರಾದ ಕಾಡ್ಗಿಚ್ಚು 4 ಲಕ್ಷ ಎಕರೆಗೂ ಹೆಚ್ಚು ಪ್ರದೇಶವನ್ನು ಸುಟ್ಟಿತು. ಕ್ರೆಡಿಟ್ ಮಾರಿದ್ದ ಒಂದು ದೊಡ್ಡ ಕಾಡು ಅದರ ಹಾದಿಯಲ್ಲೇ ಇತ್ತು. ಅದೇ ಬೇಸಗೆಯಲ್ಲಿ ವಾಷಿಂಗ್ಟನ್ ರಾಜ್ಯದ ಕಾಲ್ವಿಲ್ ಬುಡಕಟ್ಟುಗಳ ಕಾಡಿನ ಯೋಜನೆಗೂ ಬೆಂಕಿ ಬಿತ್ತು. ಕಾರ್ಬನ್‌ಪ್ಲಾನ್ ಎಂಬ ಸಂಶೋಧನಾ ಸಂಸ್ಥೆಯವರು 2022ರಲ್ಲಿ ಲೆಕ್ಕ ಹಾಕಿದರು. ಕ್ರೆಡಿಟ್ ಪಡೆದ ಕಾಡುಗಳಲ್ಲಿ 2015ರಿಂದ ಆದ ಬೆಂಕಿಗಳಿಂದ ಗಾಳಿಗೆ ಸೇರಿದ್ದು ಸುಮಾರು 57ರಿಂದ 68 ಲಕ್ಷ ಟನ್. ನೂರು ವರ್ಷದ ಬೆಂಕಿಗೆಂದು ಇಡೀ ಕಾರ್ಯಕ್ರಮ ತೆಗೆದಿಟ್ಟಿದ್ದ ಪಾಲಿನಲ್ಲಿ ನೂರಕ್ಕೆ 95ರಷ್ಟಾದರೂ ಹತ್ತು ವರ್ಷ ತುಂಬುವ ಮೊದಲೇ ಮುಗಿದಿತ್ತು. ಬೆಂಕಿ ಸಾಲದೆಂಬಂತೆ ಅದೇ ತಂಡ ಇನ್ನೊಂದನ್ನೂ ತೋರಿಸಿತು. ಟ್ಯಾನ್‌ಓಕ್ ಎಂಬ ಒಂದೇ ಜಾತಿಯ ಮರಕ್ಕೆ ತಗಲುವ ಒಂದೇ ರೋಗ, ಕೀಟ–ರೋಗಗಳಿಗೆಂದು ಇಟ್ಟ ಮೀಸಲನ್ನೆಲ್ಲ ನುಂಗಬಲ್ಲದು.

ಮೀಸಲು ಪೂರ್ತಿ ಬರಿದಾಗಿಲ್ಲ. ಬೇರೆ ಬಾಬ್ತುಗಳ ಪಾಲು ಅದರಲ್ಲಿ ಇನ್ನೂ ಇದೆ, ಹೊಸ ಯೋಜನೆಗಳಿಂದ ಜಮಾ ಆಗುತ್ತಲೂ ಇದೆ. ಸಮರ್ಥಿಸುವವರು ಇದನ್ನು ಹೇಳುತ್ತಾರೆ, ಅದು ನಿಜ. ಆದರೆ ಹೊಸ ಕಾಡಿನ ಕಂತಿನಿಂದ ಹಳೆಯ ಕಾಡಿನ ನಷ್ಟ ತುಂಬುತ್ತಾ ಹೋಗಬೇಕಾದರೆ ಹೊಸ ಕಾಡು ನಿಲ್ಲದೆ ಬರುತ್ತಿರಬೇಕು. ಇಂಥ ಏರ್ಪಾಡಿಗೆ ನಮ್ಮ ಪೇಟೆಗಳಲ್ಲಿ ಯಾವ ಹೆಸರಿದೆ ಎಂಬುದು ಚೀಟಿ ಕಂಪನಿಗಳಲ್ಲಿ ದುಡ್ಡು ಕಳೆದುಕೊಂಡವರಿಗೆ ಗೊತ್ತು. ಎರಡನೆಯ ಷರತ್ತು ಮುರಿದದ್ದು ಇನ್ನೂ ಆಳವಾದ ಸಮಸ್ಯೆ. ಬಿಸಿ ಏರಿದ ವರ್ಷ ಒರೆಗಾನೂ ವಾಷಿಂಗ್ಟನ್ನೂ ಕ್ಯಾಲಿಫೋರ್ನಿಯಾವೂ ಒಟ್ಟಿಗೆ ಉರಿಯುತ್ತವೆ. ಇಂಥ ಅಪಾಯಕ್ಕೆ ಪರಸ್ಪರ ಜಾಮೀನು ಕೆಲಸ ಮಾಡುವುದಿಲ್ಲ.

ನೂರು ವರ್ಷ ತುಂಬಿದ ಮರುದಿನ ಏನು ಎಂಬುದು ಇನ್ನೊಂದು ಪ್ರಶ್ನೆ. ತಪಾಸಣೆ ನಿಲ್ಲುತ್ತದೆ, ಕರಾರು ಮುಗಿಯುತ್ತದೆ, ಮಾಲೀಕ ಮರ ಕಡಿಯಬಹುದು. ಆ ಇಂಗಾಲ ಯಾರ ಲೆಕ್ಕಕ್ಕೂ ಬರುವುದಿಲ್ಲ. ಸ್ವಯಂಪ್ರೇರಿತ ಮಾರುಕಟ್ಟೆಯಲ್ಲಂತೂ ನೂರೂ ಇಲ್ಲ. ಆ ಮಾರುಕಟ್ಟೆಯ ಗುಣಮಟ್ಟ ಕಾಯಲೆಂದು ರಚಿತವಾದ ಐಸಿವಿಸಿಎಂ ಮಂಡಳಿ 2023ರಲ್ಲಿ ಕೇಳಿದ್ದು 40 ವರ್ಷದ ನಿಗಾ. ಒಂದು ತಲೆಮಾರಿಗಿಂತ ತುಸು ಹೆಚ್ಚು.

ಬೇರೆ ದಾರಿ ಹಿಡಿದವರೂ ಇದ್ದಾರೆ. ಆಸ್ಟ್ರೇಲಿಯಾದಲ್ಲಿ ಜಮೀನುದಾರ 25 ವರ್ಷ ಅಥವಾ 100 ವರ್ಷ ಎಂದು ಆರಿಸಿಕೊಳ್ಳಬಹುದು. 25 ಎಂದರೆ ಕ್ರೆಡಿಟ್ಟಿನಲ್ಲಿ ನೂರಕ್ಕೆ 20 ಕಡಿತ. ಅದರ ಜೊತೆಗೆ ಎಲ್ಲರಿಗೂ 5ರ ಸಾಮಾನ್ಯ ಕಡಿತ. ಅವಧಿಯನ್ನು ಬಾಯಿಬಿಟ್ಟು ಹೇಳುವುದು ಒಳ್ಳೆಯದೇ. ನೂರರಲ್ಲಿ ಕಾಲು ಪಾಲು ಕಾಲಕ್ಕೆ ಐದನೆಯ ಒಂದು ಪಾಲು ಮಾತ್ರ ಕಡಿತ ಎಂಬ ಲೆಕ್ಕಕ್ಕೆ ಆಧಾರವೇನು ಎಂದು ಕೇಳಿದರೆ, ರೈತರು ಬರಬೇಕಲ್ಲ ಎಂಬುದಕ್ಕಿಂತ ಗಟ್ಟಿಯಾದ ಉತ್ತರ ನನಗೆ ಕಂಡಿಲ್ಲ. ಟನ್–ವರ್ಷ ಎಂಬ ಇನ್ನೊಂದು ಲೆಕ್ಕವಿದೆ. ಒಂದು ಟನ್ನನ್ನು 55 ವರ್ಷ ಕೂಡಿಟ್ಟರೆ ಒಂದು ಪೂರ್ಣ ಕ್ರೆಡಿಟ್ ಎಂದು 2000ದ ಸುಮಾರಿಗೆ ಸಂಶೋಧಕರಿಬ್ಬರು ಸೂತ್ರ ಹಾಕಿದರು. ಅದೇ ಸೂತ್ರದಲ್ಲಿ 55 ಟನ್ನನ್ನು ಒಂದೇ ವರ್ಷ ಕೂಡಿಟ್ಟರೂ ಅಷ್ಟೇ ಫಲ. ಇದು ಆ ನೂರು ವರ್ಷದ ಅಳತೆಯನ್ನೇ ನೆಚ್ಚಿದ ಲೆಕ್ಕ. ನೂರರಾಚೆ ಏನಾದರೂ ಆಗಲಿ ಎಂದು ಒಪ್ಪಿಕೊಂಡರೆ ಮಾತ್ರ ನಿಲ್ಲುತ್ತದೆ. 55 ಟನ್ ಒಂದು ವರ್ಷ ಕೂತು ಮರುವರ್ಷ ಗಾಳಿ ಸೇರಿದ ಮೇಲೆ ಚಿಮಣಿಯ ಒಂದು ಟನ್ ಇದ್ದಲ್ಲೇ ಇರುತ್ತದೆ. ಇದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ನ್ಯೂಜಿಲೆಂಡ್ 2008ರಲ್ಲಿ ಕಾಡನ್ನು ತನ್ನ ಮಾರುಕಟ್ಟೆಗೆ ಸೇರಿಸಿದಾಗ ಎಲ್ಲಕ್ಕಿಂತ ಸರಳವಾದ ನಿಯಮ ಮಾಡಿತು. ಬೆಳೆದಷ್ಟಕ್ಕೆ ಪಡೆ, ಕಡಿದರೆ ಮರಳಿಸು. ಮರಳಿಸುವ ದಿನ ಕ್ರೆಡಿಟ್ಟಿನ ಬೆಲೆ ಏರಿದ್ದರೆ ಗತಿ ಏನು ಎಂಬ ಭಯ ತೋಪಿನ ಮಾಲೀಕರನ್ನು ಕಾಡಿತು. 2023ರಿಂದ ಹೊಸದಾಗಿ ಸೇರುವ ಕಟಾವಿನ ತೋಪುಗಳಿಗೆ ಬೇರೆ ನಿಯಮ ಬಂದಿದೆ. ನೆಟ್ಟು, ಕಡಿದು, ಮತ್ತೆ ನೆಡುವ ಚಕ್ರದಲ್ಲಿ ಸರಾಸರಿ ಎಷ್ಟು ಇಂಗಾಲ ನಿಲ್ಲುತ್ತದೋ ಅಷ್ಟಕ್ಕೆ ಮಾತ್ರ ಕ್ರೆಡಿಟ್. ಮತ್ತೆ ನೆಟ್ಟರೆ ಕಟಾವಿಗೆ ದಂಡವಿಲ್ಲ. ನೆಲದ ವಾಸ್ತವಕ್ಕೆ ಇದು ಹತ್ತಿರದ್ದು.

ಹಾಗಾದರೆ ಕ್ರಯಪತ್ರ ಎಂಬುದು ಎಲ್ಲಾದರೂ ಇದೆಯೇ? ಇದೆ, ನೆಲದಾಳದಲ್ಲಿ. ನಾರ್ವೆಯ ಕಡಲಡಿಯ ಸ್ಲೈಪ್ನರ್ ಎಂಬಲ್ಲಿ 1996ರಿಂದ ಡೈಆಕ್ಸೈಡನ್ನು ಮರಳುಗಲ್ಲಿನ ಪದರಕ್ಕೆ ತುಂಬಲಾಗುತ್ತಿದೆ. ಸರಿಯಾಗಿ ಆರಿಸಿದ ಜಾಗದಲ್ಲಿ ಸಾವಿರ ವರ್ಷದ ನಂತರವೂ ನೂರಕ್ಕೆ 99ಕ್ಕಿಂತ ಹೆಚ್ಚು ಉಳಿಯುವ ಸಾಧ್ಯತೆಯಿದೆ ಎಂದು ಐಪಿಸಿಸಿ 2005ರಲ್ಲಿ ಹೇಳಿತು. ಐಸ್‌ಲೆಂಡಿನ ಕಾರ್ಬ್‌ಫಿಕ್ಸ್ ಇನ್ನೂ ಮುಂದೆ ಹೋಯಿತು. ನೀರಿನಲ್ಲಿ ಕರಗಿಸಿದ ಡೈಆಕ್ಸೈಡನ್ನು ಬಸಾಲ್ಟ್ ಶಿಲೆಯೊಳಗೆ ಕಳಿಸಿದರೆ, ಶಿಲೆಯ ಕ್ಯಾಲ್ಸಿಯಂ ಮತ್ತಿತರ ಲೋಹಗಳ ಜೊತೆ ಸೇರಿ ಅದು ಸುಣ್ಣಕಲ್ಲಿನ ಜಾತಿಯ ಖನಿಜವಾಗುತ್ತದೆ. ನೂರಕ್ಕೆ 95ರಷ್ಟು ಎರಡು ವರ್ಷದೊಳಗೆ ಕಲ್ಲಾಯಿತೆಂದು 2016ರಲ್ಲಿ ವರದಿಯಾಯಿತು. ಬೀದರ, ಕಲಬುರಗಿ, ವಿಜಯಪುರದ ಕರಿಮಣ್ಣಿನ ಕೆಳಗಿರುವ ದಖನ್ ಶಿಲೆಯೂ ಬಸಾಲ್ಟೇ. ಅದರ ಈ ಗುಣವನ್ನು ಹೈದರಾಬಾದಿನ ಭೂಭೌತ ಸಂಶೋಧನಾ ಸಂಸ್ಥೆಯವರು ಬಹಳ ಹಿಂದೆಯೇ ಪರಿಶೀಲಿಸಲು ಆರಂಭಿಸಿದ್ದರು. ಇಂಥ ಸಂಗ್ರಹದಲ್ಲೂ ಹೊಣೆಯ ಪ್ರಶ್ನೆ ತಪ್ಪುವುದಿಲ್ಲ. ಯುರೋಪಿನ 2009ರ ಕಾನೂನು ಬಾವಿ ಮುಚ್ಚಿ ಕನಿಷ್ಠ 20 ವರ್ಷವಾದ ಮೇಲೆ, ಸೋರಿಕೆಯಿಲ್ಲವೆಂದು ಖಾತರಿಯಾದರೆ, ಹೊಣೆಯನ್ನು ಕಂಪನಿಯಿಂದ ಸರಕಾರಕ್ಕೆ ವರ್ಗಾಯಿಸುತ್ತದೆ. ಸಾವಿರ ವರ್ಷ ಬಾಳುವ ಕಂಪನಿ ಇಲ್ಲವಲ್ಲ.

ಬಸಾಲ್ಟನ್ನು ಪುಡಿಮಾಡಿ ಹೊಲಕ್ಕೆ ಎರಚುವ ವಿಧಾನವೂ ಈಗ ಮಾರುಕಟ್ಟೆಗೆ ಬಂದಿದೆ. ಮಧ್ಯಪ್ರದೇಶ, ಛತ್ತೀಸಗಢದ ಸಣ್ಣ ರೈತರ ಹೊಲಗಳಲ್ಲಿ ಈ ಕೆಲಸ ಮಾಡುವ ಮಾಟಿ ಕಾರ್ಬನ್ ಸಂಸ್ಥೆ 2025ರಲ್ಲಿ ಎಕ್ಸ್‌ಪ್ರೈಜ್‌ನ 5 ಕೋಟಿ ಡಾಲರ್ ಬಹುಮಾನ ಗೆದ್ದಿತು. ಮಳೆನೀರಿನ ಡೈಆಕ್ಸೈಡ್ ಕಲ್ಲುಪುಡಿಯ ಜೊತೆ ವರ್ತಿಸಿ ಬೈಕಾರ್ಬನೇಟ್ ಆಗಿ ಕಡಲು ಸೇರಿದರೆ ಸಾವಿರಾರು ವರ್ಷ ಅಲ್ಲೇ ಇರುತ್ತದೆ. ಬಾಳಿಕೆಯ ಬಗ್ಗೆ ಇಲ್ಲಿ ಜಗಳವಿಲ್ಲ. ಜಗಳವಿರುವುದು ಅಳತೆಯಲ್ಲಿ: ಯಾವ ಹೊಲದಲ್ಲಿ ಎಷ್ಟು ಪುಡಿ ನಿಜವಾಗಿ ವರ್ತಿಸಿತು, ಎಷ್ಟು ಹೊಳೆ ಸೇರಿತು? ಕಾಡಿನ ಕಥೆ ಇದಕ್ಕೆ ತದ್ವಿರುದ್ಧ. ಮರದ ಸುತ್ತಳತೆಗೆ ಟೇಪು ಹಿಡಿದರೆ ಇಂದಿನ ಇಂಗಾಲ ಗೊತ್ತಾಗುತ್ತದೆ, ನಾಳಿನದು ಗೊತ್ತಾಗುವುದಿಲ್ಲ.

ಯುರೋಪು ಇದನ್ನೆಲ್ಲ ನೋಡಿ 2024ರ ಕೊನೆಯಲ್ಲಿ ಇಂಗಾಲ ಹೀರುವಿಕೆಯ ಪ್ರಮಾಣೀಕರಣಕ್ಕೆ ಕಾನೂನು ಮಾಡಿತು. ಹಲವು ಶತಮಾನ ಬಾಳುವ ಶಾಶ್ವತ ಸಂಗ್ರಹಕ್ಕೆ ಒಂದು ಬಗೆಯ ಪತ್ರ. ಕಟ್ಟಡದ ಮರದಂಥ ವಸ್ತುಗಳಲ್ಲಿ ಕನಿಷ್ಠ 35 ವರ್ಷ ಉಳಿಯುವುದಕ್ಕೆ ಇನ್ನೊಂದು. ಹೊಲ, ಕಾಡುಗಳಲ್ಲಿ ಕೂಡಿಟ್ಟದ್ದಕ್ಕೆ ಮತ್ತೊಂದು. ಕೊನೆಯ ಎರಡು ಬಗೆಯವು ನಿಗಾ ಅವಧಿ ಮುಗಿದಾಗ, ಅದನ್ನು ಮುಂದುವರಿಸದಿದ್ದರೆ, ರದ್ದಾಗುತ್ತವೆ. 2004ರಲ್ಲಿ ಗಡುವಿರುವ ಕ್ರೆಡಿಟ್ಟಿಗೆ ಬಾಗಿಲು ಮುಚ್ಚಿದ ಯುರೋಪೇ ಇಪ್ಪತ್ತು ವರ್ಷದ ಬಳಿಕ ಅದೇ ತತ್ವವನ್ನು ತನ್ನ ಕಾನೂನಿನಲ್ಲಿ ಬರೆದುಕೊಂಡಿತು. ಕೊಲಂಬಿಯದ ಹೆಸರನ್ನು ಈಗ ಯಾರೂ ಎತ್ತುವುದಿಲ್ಲ.

ಇಷ್ಟು ಹೇಳಿದ ಮೇಲೆ ಕಾಡಿನ ಪರವಾಗಿ ಒಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ತಾತ್ಕಾಲಿಕ ಸಂಗ್ರಹಕ್ಕೆ ಬೆಲೆ ಇಲ್ಲವೆಂದಲ್ಲ. ಹೊಗೆ ನಿಜವಾಗಿ ಇಳಿಯುತ್ತಾ ಹೋದರೆ, ಈ ಶತಮಾನದ ನಡುವಿನ ಬಿಸಿಯ ಶಿಖರವನ್ನು ಕೆಲವು ದಶಕ ನಿಂತ ಕಾಡೂ ತುಸು ತಗ್ಗಿಸಬಲ್ಲದು ಎಂದು ಇತ್ತೀಚಿನ ಅಧ್ಯಯನಗಳು ತೋರಿಸಿವೆ. ಷರತ್ತು ಒಂದೇ, ಹೊಗೆ ಇಳಿಯಬೇಕು. ಕಾಡಿನ ಕ್ರೆಡಿಟ್ ಹೊಗೆ ಬಿಡಲು ಪರವಾನಗಿಯಾದಾಗ ಆ ಷರತ್ತನ್ನೇ ಅದು ಮುರಿಯುತ್ತದೆ. ನೀರಿಗೆ, ಮಳೆಗೆ, ಜೀವಜಾಲಕ್ಕೆ ಕಾಡು ಬೇಕು. ಅದಕ್ಕೆ ಹಣ ಕೊಡಬೇಕು. ಆದರೆ ಚಿಮಣಿಯ ಲೆಕ್ಕಕ್ಕೆ ಎದುರು ಜಮಾ ಆಗಿ ಅಲ್ಲ. ಅದು ನನ್ನ ಅಭಿಪ್ರಾಯ, ಒಪ್ಪದವರಿದ್ದಾರೆಂದು ಬಲ್ಲೆ.

ನಮ್ಮ ನೆಲಕ್ಕೆ ಬಂದರೆ ಕಾಲದ ಪ್ರಶ್ನೆ ಎರಡು ಕಡೆ ಎದುರಾಗುತ್ತದೆ. ಮೊದಲನೆಯದು ಒಲೆಯ ಯೋಜನೆಗಳು. ಬಾಗೇಪಲ್ಲಿಯಲ್ಲಿ ಕೂಲಿ ಸಂಘದ ಕುಟುಂಬಗಳಿಗೆ ಬಯೋಗ್ಯಾಸ್ ಒಲೆ ಕೊಟ್ಟ ಯೋಜನೆ ಸಿಡಿಎಂನಲ್ಲಿ 2005ರಲ್ಲೇ ನೋಂದಣಿಯಾಯಿತು. ಸೀಮೆಎಣ್ಣೆ ಉಳಿದಷ್ಟು ಉಳಿಯಿತು. ಮುಂದಿನ ವರ್ಷ ಒಲೆ ಕೆಟ್ಟರೂ ಈ ವರ್ಷದ ಉಳಿತಾಯ ಹೋಗದು. ಇಲ್ಲಿ ಬಾಳಿಕೆಯ ಪ್ರಶ್ನೆಯೇ ಇಲ್ಲ. ಸೌದೆ ಉಳಿತಾಯದ ವಿಷಯ ಹಾಗಲ್ಲ. ಒಲೆಗೆ ಹೋಗದ ಮರ ಕಾಡಿನಲ್ಲಿ ನಿಂತಿದೆ ಎಂಬುದೇ ಅಲ್ಲಿನ ಲಾಭ. ಆ ಮರವನ್ನು ನಾಳೆ ಇನ್ನೊಬ್ಬ ಕಡಿಯಬಹುದು, ಬೆಂಕಿ ತಿನ್ನಬಹುದು. ಕಾಡಿನ ಯೋಜನೆಗೆ ಗಡುವು ವಿಧಿಸಿದ ಸಿಡಿಎಂ, ಒಲೆಯ ಯೋಜನೆಯಲ್ಲಿ ಉಳಿದ ಮರದ ಬಗ್ಗೆ ಯಾವ ಮೀಸಲನ್ನೂ ಕೇಳಲಿಲ್ಲ. ಬಡವರ ಮನೆಯ ಹೆಣ್ಣುಮಕ್ಕಳ ಕಣ್ಣಿಗೆ ಹೊಗೆ ತಪ್ಪಿದ್ದು ನಿಸ್ಸಂದೇಹವಾಗಿ ಒಳ್ಳೆಯದು; ಇಂಗಾಲದ ಲೆಕ್ಕ ಮಾತ್ರ ಒಂದೇ ಮರಕ್ಕೆ ಎರಡು ಕಡೆ ಎರಡು ನ್ಯಾಯ ಮಾಡಿತು.

ಎರಡನೆಯದು ಜಮೀನಿನಲ್ಲಿ ಮರ ಬೆಳೆಸುವ ಕರಾರುಗಳು. 2030ರೊಳಗೆ ಕಾಡು ಮತ್ತು ಮರಗಳಲ್ಲಿ ಹೆಚ್ಚುವರಿ 250ರಿಂದ 300 ಕೋಟಿ ಟನ್ ಡೈಆಕ್ಸೈಡ್ ಕೂಡಿಡುತ್ತೇವೆಂದು ಭಾರತ ಜಗತ್ತಿಗೆ ಮಾತು ಕೊಟ್ಟಿದೆ. 2022ರಲ್ಲಿ ಇಂಧನ ಸಂರಕ್ಷಣಾ ಕಾಯಿದೆಗೆ ತಿದ್ದುಪಡಿಯಾಗಿ, 2023ರಲ್ಲಿ ದೇಶದ್ದೇ ಕಾರ್ಬನ್ ಕ್ರೆಡಿಟ್ ವಹಿವಾಟು ಯೋಜನೆ ಪ್ರಕಟವಾಯಿತು. ರೈತರ ಬದುವಿನ ಮರಗಳಿಗೆ ಕ್ರೆಡಿಟ್ ಕೊಡಿಸುತ್ತೇವೆನ್ನುವ ಮಧ್ಯವರ್ತಿಗಳು ಹಳ್ಳಿಗಳಿಗೆ ಬರುತ್ತಿದ್ದಾರೆ. ಕೊಡಗಿನ ತೋಟದ ಸಿಲ್ವರ್ ಓಕ್ ತೆಗೆದುಕೊಳ್ಳಿ. ಕಾಫಿಗೆ ನೆರಳು, ಮೆಣಸಿನ ಬಳ್ಳಿಗೆ ಆಸರೆ. ಬಲಿತರೆ ಪ್ಲೈವುಡ್ ಕಾರ್ಖಾನೆಗೆ. ಮಗಳ ಮದುವೆಗೋ ಆಸ್ಪತ್ರೆಯ ಖರ್ಚಿಗೋ ಕಡಿಯಬಹುದಾದ್ದು ಎಂಬುದೇ ರೈತನ ಕಣ್ಣಿನಲ್ಲಿ ಅದರ ಬೆಲೆ. ಅದೇ ಮರ 40 ವರ್ಷದ ಕರಾರಿಗೆ ಬಿದ್ದರೆ ಆ ಬೆಲೆ ಹೋಯಿತು. ಆ 40 ವರ್ಷದಲ್ಲಿ ಅಣ್ಣತಮ್ಮಂದಿರ ಪಾಲು ಆಗುತ್ತದೆ, ಪಹಣಿಯಲ್ಲಿ ಹೆಸರು ಬದಲಾಗುತ್ತದೆ, ಬ್ಯಾಂಕಿನ ಸಾಲಕ್ಕೆ ಜಮೀನು ಅಡವು ಹೋಗುತ್ತದೆ, ರಸ್ತೆಗೆ ಸರಕಾರ ಭೂಮಿ ತೆಗೆದುಕೊಳ್ಳುತ್ತದೆ. ಅಮೆರಿಕದ ಮರದ ಕಂಪನಿಗೆ ಲಕ್ಷಾಂತರ ಎಕರೆ ಇದೆ, ವಕೀಲರಿದ್ದಾರೆ. ಅಲ್ಲೇ ನೂರು ವರ್ಷದ ಮಾತು ಹತ್ತು ವರ್ಷಕ್ಕೆ ತಡವರಿಸಿತು. ಎರಡೆಕರೆಯ ರೈತನ ಮೇಲೆ ಅದೇ ಭಾರ ಹೊರಿಸುವುದು ಲೆಕ್ಕಶಾಸ್ತ್ರವೂ ಅಲ್ಲ, ನ್ಯಾಯವೂ ಅಲ್ಲ.

ನಮ್ಮ ಯೋಜನೆಯ ನಿಯಮಗಳು ಇನ್ನೂ ರೂಪುಗೊಳ್ಳುತ್ತಿವೆ. ಅವನ್ನು ಬರೆಯುವವರು ಮಿಲಾನಿನ ಹಳೆಯ ನಿರ್ಣಯವನ್ನು ಕಪಾಟಿನಿಂದ ತೆಗೆದು ಓದಬೇಕು. ಮರದ ಕ್ರೆಡಿಟ್ಟಿನ ಮೇಲೆ ಅದರ ಗಡುವು ಅಚ್ಚಾಗಿರಲಿ. ಗಡುವು ಮುಗಿದ ದಿನ ತುಂಬಬೇಕಾದವನು ಕೊಂಡ ಕಾರ್ಖಾನೆಯವನೇ ಎಂದಿರಲಿ. ಶಾಶ್ವತ ಎಂಬ ಹೆಸರು ನೆಲದಾಳದ, ಕಲ್ಲಾದ ಇಂಗಾಲಕ್ಕೆ ಮೀಸಲಿರಲಿ. ಹೀಗೆ ಮಾಡಿದರೆ ಮರದ ಕ್ರೆಡಿಟ್ ಅಗ್ಗವಾಗುತ್ತದೆ. ಆಗಲಿ, ಅದರ ನಿಜವಾದ ಬೆಲೆ ಅಷ್ಟೇ.

ಸಭೆಯಲ್ಲಿ ರೈತ ಉತ್ಪಾದಕ ಸಂಘಗಳವರು, ಸಹಕಾರ ಸಂಘಗಳವರು ಇದ್ದರೆ ಅವರಲ್ಲಿ ನನ್ನದೊಂದು ವಿನಂತಿ. ಕಾರ್ಬನ್ ಕರಾರು ತಂದವರಿಂದ ಮೊದಲು ಅದರ ಕನ್ನಡ ಪ್ರತಿ ಕೇಳಿ. ಎಷ್ಟು ವರ್ಷದ ಕರಾರು, ಮರ ಹೋದರೆ ತುಂಬಿಕೊಡುವವರು ಯಾರು, ಪಹಣಿಯಲ್ಲಿ ಹೆಸರು ಬದಲಾದರೆ ಹೊಣೆ ಯಾರ ಹೆಗಲಿಗೆ? ಈ ಮೂರಕ್ಕೂ ಬರಹದಲ್ಲಿ ಉತ್ತರ ಬರುವ ತನಕ ಸದಸ್ಯರಿಗೆ ಸಹಿ ಹಾಕಲು ಹೇಳಬೇಡಿ.